ಇವತ್ತ ರಾತ್ರಿ ಎಲ್ಲಿ ಮಲಗ್ತೀ?

ಎಲ್ಲಾರಿಗೂ ನಮಸ್ಕಾರ. ಈ ಸಲ ನಮ್ಮ ನ್ಯೂಜೆರ್ಸಿ ಸಂಘದ ಯುಗಾದಿ ಪ್ರೋಗ್ರಾಂ ಬಗ್ಗೆ ಬರೀಬೇಕಿತ್ತು, ಆದ್ರ ಡಿಸೆಂಬರ್‌ನಾಗ ಧಾರವಾಡಕ್ಕ ಹೋಗಿ ಬಂದಾಗಿಂದ ಒಂದು ಮಾತು ತಲ್ಯಾಗ ಕೂತುಬಿಟ್ಟೈತಿ.

ಅಕ್ಕನ ಕ್ಲಾಸ್‌ಮೇಟ್ ಒಬ್ರು ಹುಬ್ಬಳ್ಳ್ಯಾಗ ಹೆಣ್ಣುಮಕ್ಕಳ ಸಂಸ್ಥಾದಾಗ ಕೌನ್ಸೆಲರ್ ಅದಾರ. ಲೈನ್ ಬಜಾರ್ ಪೇಡೆ ತಗೊಂಡು ಸುಮ್ನ ಮಾತಾಡ್ಸಾಕ ಹೋಗಿದ್ದೆ. ಡಬ್ಬಿ ಬಿಚ್ಚೂದ್ರಾಗ ಒಬ್ಬಾಕಿ ಬಂದ್ಲು, ಕಂಕುಳಾಗ ಕೂಸು, ಕೈಯಾಗ ಸೀರಿ ಅಂಗಡಿ ಕ್ಯಾರಿಬ್ಯಾಗ್, ಅದರಾಗ ರೇಷನ್ ಕಾರ್ಡು, ಆಧಾರು, ಕೂಸಿನ ಒಂದು ಸ್ವೆಟರ್, ಅಷ್ಟ. ಕೌನ್ಸೆಲರ್ ಕಣ್ಣಾಗ ನನಗ ಹೊರಗ ನಡೀ ಅಂದ್ರು. ಬಾಗಲಾ ಹಾಕೂಕಿಂತ ಮೊದ್ಲ ಕೇಳಿಸಿದ್ದು ಒಂದ ಪ್ರಶ್ನೆ, "ಇವತ್ತ ರಾತ್ರಿ ಎಲ್ಲಿ ಮಲಗ್ತೀ ಅವ್ವಾ?" ಯಾಕ ಹೊಡದಾ ಅಂತ ಅಲ್ಲ, ನೀ ಏನ್ ಮಾಡಿದ್ದಿ ಅಂತ ಅಲ್ಲ.

ಆಮೇಲೆ ಚಾ ಕುಡೀತಾ ಹೇಳಿದ್ರು, ಬರೋರೊಳಗ ಭಾಳ ಮಂದಿಗೆ ಗಂಡ ಜೈಲಿಗೆ ಹೋಗೂದು ಬೇಕಾಗಿಲ್ರೀ, ಹೊಡ್ತ ನಿಲ್ಲಬೇಕು, ಮನಿ ಬಿಟ್ಟು ಹೊರಗ ಹಾಕಬಾರ್ದು, ಮಕ್ಕಳ ಫೀ ತುಂಬಬೇಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆ, 2006ರ ಅಕ್ಟೋಬರ್ 26ಕ್ಕ ಜಾರಿಗೆ ಬಂತಲ್ಲ, ಅದು ಇದಕ್ಕಂತನ ಮಾಡಿದ್ದು, ಎಫ್‌ಐಆರ್ ಇಲ್ದನೂ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು, ಮನಿ ಅತ್ತಿ ಹೆಸರ್ಲೆ ಇದ್ರೂ ಸೊಸಿಗೆ ಅಲ್ಲಿರೂ ಹಕ್ಕು ಕೇಳಾಕ ಬರ್ತದ. ಆದ್ರ ಕಾಯ್ದೆ ತಾನಾಗಿ ನಡಕೊಂಡು ಬರಂಗಿಲ್ಲ. ಈ ಕಾಯ್ದೆಗಂತ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ಹತ್ರ ರಿಪೋರ್ಟ್ ಬರಸಬೇಕು, ದವಾಖಾನಿ ಚೀಟಿ ಹುಡುಕಬೇಕು, ವಕೀಲರನ್ನ ಹಿಡೀಬೇಕು (ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಫ್ರೀ, ಇದು ಎಷ್ಟು ಮಂದಿಗೆ ಗೊತ್ತೈತಿ ಹೇಳ್ರಿ?), ತಾರೀಖಿಗೆ ಆಕಿ ಜೋಡಿ ಕೋರ್ಟ್ ಕಟ್ಟಿ ಮ್ಯಾಲೆ ಕೂಡಬೇಕು. ಸಂಸ್ಥಾದವ್ರ ದಿನ ಹೋಗೂದ ಇದ್ರಾಗ. ರಾತ್ರಿ ನೆಲಿ ಇಲ್ಲದಾಕಿನ್ನ ಸರ್ಕಾರದ ಸಖಿ ಸೆಂಟರ್‌ಗೆ ಕಳಸ್ತಾರ, ಅಲ್ಲಿ ಐದು ದಿನ ಇರಬಹುದು. ಆರನೇ ದಿನದ ಚಿಂತಿ ಮತ್ತ ಇವರದ.

ನಾನೂ ಹುರುಪಿನಾಗ ನಮ್ಮ ಸಂಘದಾಗ ಒಂದು ಕೇಸ್ 'ಸೆಟಲ್' ಮಾಡಿದ್ದು ಹೇಳಿದೆ. ಎರಡು ವರ್ಷದ ಹಿಂದ, ಆಕಿ ಎಚ್-4 ವೀಸಾದಾಗಿದ್ಲು, ಅಂದ್ರ ಗಂಡನ ವೀಸಾಕ್ಕ ಕಟ್ಟಿದ ವೀಸಾ, ಪಾಸ್‌ಪೋರ್ಟ್ ಅವನ ಕಪಾಟಿನಾಗ. ನಾವು ಮೂರು ಮಂದಿ ಹಿರೇರು ಇಬ್ರನ್ನೂ ಕೂಡ್ಸಿ ಬುದ್ಧಿ ಹೇಳಿ ಉಪ್ಪಿಟ್ಟು ತಿನ್ಸಿ ಕಳಸಿದ್ವಿ. ಕೌನ್ಸೆಲರ್ ಕಪ್ ಕೆಳಗಿಟ್ರು. "ಒಂದ ಸೋಫಾದ ಮ್ಯಾಲೆ ಕೂಡ್ಸಿದ್ರ್ಯಾ? ಅವನ ಬಾಜೂಕ ಕೂತು ಆಕಿ ಏನ್ ಹೇಳ್ತಾಳ್ರೀ?" ಆಕಿ ಆಮೇಲೆ ನಮ್ಮ ಯಾವ ಪ್ರೋಗ್ರಾಂಗೂ ಬಂದಿಲ್ಲ ಅನ್ನೂದು ನನಗ ಆಗ ನೆನಪಾತು.

ನಮ್ಮ ನ್ಯೂಜೆರ್ಸಿಯೊಳಗನ ಇಂಥಾ ಹೆಣ್ಣುಮಕ್ಕಳಿಗೆ ನೆರವಾಗೂ 'ಮಾನವಿ' ಸಂಸ್ಥಾ ಐತಿ, 1985ರಾಗ ನಮ್ಮ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಶುರು ಮಾಡಿದ್ದು. ಆಕಿಗೆ ಆ ಹೆಸರು ಕೊಟ್ಟಿದ್ರ ಸಾಕಿತ್ತು.

ಈ ಯುಗಾದಿಗೆ ಹಾಲ್‌ನ ಲೇಡೀಸ್ ರೆಸ್ಟ್‌ರೂಮ್ ಬಾಗಲದ ಒಳಗಿನ ಬಾಜೂಕ ಚೀಟಿ ಅಂಟಸ್ತೀವಿ, ಮಾನವಿ ಹೆಸರು, ಅಮೆರಿಕಾದ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233, ಊರಾಗಿನ ಅಕ್ಕ-ತಂಗೇರಿಗೆ ಮಹಿಳಾ ಸಹಾಯವಾಣಿ 181. ಹರಕೊಂಡು ಮುಷ್ಟ್ಯಾಗ ಮುಚ್ಚಿಕೊಳ್ಳೂವಷ್ಟು ಸಣ್ಣವು. ಹಬ್ಬದ ದಿನ ಇದೇನು ಅಂತ ಕಮಿಟಿಯವರಿಗೆ ಫೋನ್ ಹಚ್ಚಬ್ಯಾಡ್ರಿ, ನನಗ ಹಚ್ಚರಿ.