ಫ್ರೆಟ್ ಕೀಳುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಗಿಟಾರಿನ ಫ್ರೆಟ್‌ಗಳನ್ನು, ಅಂದರೆ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಕಂಬಿಗಳನ್ನು, ಬದಲಿಸಲು ನೀನು ಕಳುಹಿಸಿದ ಉಪಕರಣಗಳ ಪಟ್ಟಿ ನೋಡಿದೆ. ಫ್ರೆಟ್ ಕೀಳುವ ಇಕ್ಕಳ, ಬಡಿಯುವ ಸುತ್ತಿಗೆ, ಸಣ್ಣ ಗರಗಸ, ಒತ್ತಿ ಕೂರಿಸುವ ಪ್ರೆಸ್, ನಾಲ್ಕೈದು ಬಗೆಯ ಅರ, ಎಲ್ಲವೂ ಇವೆ. ಒಂದು ನೇರಪಟ್ಟಿ ಮಾತ್ರ ಇಲ್ಲ. ಕೀಳುವುದಕ್ಕೆ, ಕೊಯ್ಯುವುದಕ್ಕೆ, ಉಜ್ಜುವುದಕ್ಕೆ ಬೇಕಾದುದನ್ನೆಲ್ಲ ಬರೆದು, ನೋಡುವುದಕ್ಕೆ ಬೇಕಾದುದನ್ನು ಬಿಟ್ಟುಬಿಟ್ಟಿದ್ದೀಯೆ. ಆತುರ ನಿನಗೆ ನನ್ನಿಂದಲೇ ಬಂದದ್ದು, ಆದ್ದರಿಂದ ಬೈಯುವುದಿಲ್ಲ. ಆದರೆ ಪಟ್ಟಿಯನ್ನು ತಲೆಕೆಳಗು ಮಾಡಲೇಬೇಕು.

ಐದನೆಯ ಫ್ರೆಟ್‌ನಲ್ಲಿ ಒತ್ತಿದಾಗ ತಂತಿ ಗರಗರ ಎನ್ನುತ್ತದೆ, ಎಲ್ಲವನ್ನೂ ಬದಲಿಸಬೇಕು ಎಂದು ಬರೆದಿದ್ದೀಯೆ. ಈ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ. ಅದೇ ಸದ್ದು ಐದನೆಯದು ಸವೆದಿದ್ದರೂ ಬರುತ್ತದೆ, ಆರನೆಯದು ಎತ್ತರವಾಗಿದ್ದರೂ ಬರುತ್ತದೆ, ಆರನೆಯದರ ತುದಿ ಮರದಿಂದ ಎದ್ದಿದ್ದರೂ ಬರುತ್ತದೆ. ಫ್ರೆಟ್‌ಗಳೆಲ್ಲ ಸರಿಯಾಗಿದ್ದು ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ಹಿಂದಕ್ಕೆ ಬಾಗಿದ್ದರೂ ಬರಬಹುದು. ಒಂದೊಂದಕ್ಕೂ ಮದ್ದು ಬೇರೆ. ಕೊನೆಯದಕ್ಕಂತೂ ಟ್ರಸ್ ರಾಡ್, ಅಂದರೆ ನೆಕ್ ಒಳಗಿದ್ದು ಅದರ ಬಾಗನ್ನು ಹೊಂದಿಸುವ ಲೋಹದ ಸರಳು, ಅದನ್ನು ತಿರುಗಿಸುವ ಕೀಲಿಯೊಂದಿದ್ದರೆ ಸಾಕು.

ಮೊದಲು ನೆಕ್ ನೋಡು. ಕೆಳದನಿಯ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ದೇಹವನ್ನು ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿ. ಏಳು, ಎಂಟನೆಯ ಫ್ರೆಟ್‌ಗಳ ಆಸುಪಾಸಿನಲ್ಲಿ ತಂತಿಗೂ ಲೋಹಕ್ಕೂ ನಡುವೆ 0.2 ಮಿಲಿಮೀಟರ್‌ನಷ್ಟು ಸಂದು ಇರಬೇಕು. ಇದನ್ನು ಕಣ್ಣಳತೆಯಲ್ಲಿ ಹೇಳಲಾಗದು, ಫೀಲರ್ ಗೇಜ್ ಎಂಬ, ಗೊತ್ತಾದ ದಪ್ಪದ ತೆಳು ಲೋಹದ ಎಲೆ ತೂರಿಸಿ ನೋಡಬೇಕು. ಸಂದೇ ಇಲ್ಲದಿದ್ದರೆ ರಾಡನ್ನು ಸಡಿಲಿಸು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ನಿನ್ನ ಗರಗರ ಅಷ್ಟಕ್ಕೇ ನಿಂತುಹೋಗಬಹುದು.

ನಿಲ್ಲದಿದ್ದರೆ ಫ್ರೆಟ್ ರಾಕರ್ ತೆಗೆದುಕೋ. ಅಷ್ಟು ಚಿಕ್ಕ ಸಾಮಾನು ಇನ್ನೊಂದಿಲ್ಲ, ಅಷ್ಟು ಪ್ರಾಮಾಣಿಕವಾದದ್ದೂ ಇಲ್ಲ. ಬೇರೆ ಬೇರೆ ಉದ್ದದ ನಾಲ್ಕು ನೇರ ಅಂಚುಗಳಿರುವ ಉಕ್ಕಿನ ತುಂಡು, ಅಷ್ಟೆ. ಮೂರು ಫ್ರೆಟ್‌ಗಳ ಮೇಲೆ ಸರಿಯಾಗಿ ಕೂರುವ ಅಂಚನ್ನು ಆರಿಸಿ ಇಡು. ಅಲುಗಾಡಿ ಟಿಕ್ ಟಿಕ್ ಎಂದರೆ ನಡುವಿನದು ಎತ್ತರ. ಪ್ರತಿ ತಂತಿಯ ಕೆಳಗೂ ಹೀಗೆ ನೋಡು, ಏಕೆಂದರೆ ಒಂದೇ ಫ್ರೆಟ್ ಒಂದು ಬದಿಯಲ್ಲಿ ಸರಿಯಾಗಿದ್ದು ಇನ್ನೊಂದು ಬದಿಯಲ್ಲಿ ಎದ್ದಿರುವುದುಂಟು. ಎತ್ತರ ಸಿಕ್ಕ ಕೂಡಲೇ ಅರಕ್ಕೆ ಕೈ ಹಾಕಬೇಡ. ಮರದ ಕಡ್ಡಿಯೊಂದರಿಂದ ಆ ಜಾಗವನ್ನು ಗಟ್ಟಿಯಾಗಿ ಒತ್ತು. ಕೆಳಗಿಳಿದರೆ ಅದು ಎತ್ತರದ ಫ್ರೆಟ್ ಅಲ್ಲ, ಸಡಿಲಗೊಂಡ ಫ್ರೆಟ್. ತೆಳುವಾದ ಸೂಪರ್ ಗ್ಲೂ ಒಂದು ತೊಟ್ಟು ಬಿಟ್ಟು, ಒತ್ತಿ ಹಿಡಿದರೆ ಕೆಲಸ ಮುಗಿಯಿತು. ಸಡಿಲವಾದುದನ್ನು ಉಜ್ಜಿ ತಗ್ಗಿಸಿದರೆ, ಮುಂದೆ ಅದು ಕೆಳಗೆ ಕುಳಿತಾಗ ಅಲ್ಲೊಂದು ಹಳ್ಳ ಉಳಿಯುತ್ತದೆ. ಕಳೆದುಕೊಂಡ ಲೋಹವನ್ನು ಮರಳಿ ಅಂಟಿಸುವ ಉಪಕರಣವನ್ನು ಯಾರೂ ಮಾಡಿಲ್ಲ.

ನಿಜವಾಗಿಯೂ ಏರುಪೇರಿದ್ದರೆ ಆಗ ಸಮತಟ್ಟು ಮಾಡುವ ಕೆಲಸ. ತಂತಿಗಳನ್ನು ಬಿಚ್ಚಿ, ನೇರಪಟ್ಟಿ ಇಟ್ಟು, ನೆಕ್ ಪೂರ್ತಿ ನೇರವಾಗುವಂತೆ ರಾಡನ್ನು ಹೊಂದಿಸಬೇಕು. ಇಲ್ಲಿ ಅಂಚಿನಲ್ಲಿ ಕಚ್ಚುಗಳಿರುವ ನೇರಪಟ್ಟಿ ಉಪಯೋಗಕ್ಕೆ ಬರುತ್ತದೆ: ಅದರ ಕಚ್ಚುಗಳು ಫ್ರೆಟ್‌ಗಳನ್ನು ದಾಟಿ ಅಂಚು ಮರದ ಮೇಲೇ ಕೂರುತ್ತದೆ, ಸವೆದ ಫ್ರೆಟ್‌ಗಳು ಹೇಳುವ ಸುಳ್ಳು ಅದಕ್ಕೆ ಕೇಳಿಸುವುದಿಲ್ಲ. ಫ್ರೆಟ್‌ಗಳ ನಡುವಿನ ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚು. ಮೇಪಲ್ ಮರಕ್ಕೆ ವಾರ್ನಿಷ್ ಬಳಿದಿದ್ದರೆ ಜಿಗುಟು ಕಡಿಮೆಯಿರುವ ಟೇಪನ್ನೇ ಬಳಸು, ಇಲ್ಲವಾದರೆ ಹೊಳಪೂ ಅದರೊಂದಿಗೆ ಎದ್ದು ಬರುತ್ತದೆ. ಪ್ರತಿ ಫ್ರೆಟ್‌ನ ನೆತ್ತಿಗೆ ಮಾರ್ಕರ್‌ನಿಂದ ಮಸಿ ಬಳಿದು, 400 ಸಂಖ್ಯೆಯ ಸ್ಯಾಂಡ್‌ಪೇಪರ್ ಅಂಟಿಸಿದ ನೇರ ಲೋಹದ ದಿಂಡನ್ನು ಉದ್ದಕ್ಕೂ ಆಡಿಸು. ದಿಂಡಿನ ಭಾರವೇ ಸಾಕು, ಕೈಯಿಂದ ಒತ್ತಬೇಡ. ಎಲ್ಲ ನೆತ್ತಿಗಳ ಮಸಿಯೂ ತುಸು ಅಳಿದ ಕ್ಷಣವೇ ನಿಲ್ಲಿಸು.

ಇದಾದ ಮೇಲೆ ಫ್ರೆಟ್‌ಗಳ ನೆತ್ತಿ ಚಪ್ಪಟೆಯಾಗಿರುತ್ತದೆ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ, ಗಿಟಾರ್ ಅಪಸ್ವರ ನುಡಿಯುವುದು ಇಲ್ಲಿಂದಲೇ. ಚಪ್ಪಟೆ ನೆತ್ತಿಯಲ್ಲಿ ತಂತಿ ನಡುವಿನಿಂದ ಹೊರಡದೆ ಬ್ರಿಡ್ಜ್ (ಗಿಟಾರಿನ ದೇಹದ ಮೇಲೆ ತಂತಿಗಳು ಒರಗುವ ಆಸರೆ) ಕಡೆಯ ಅಂಚಿನಿಂದ ಹೊರಡುತ್ತದೆ. ಕಂಪಿಸುವ ಉದ್ದ ಅಷ್ಟು ಕಡಿಮೆ, ಸ್ವರ ಅಷ್ಟು ಮೇಲೆ. ನಿನಗೆ ಲೆಕ್ಕ ಇಷ್ಟವಲ್ಲವೇ, ಮಾಡಿ ನೋಡು. ತಲೆಯ ಕಡೆ ತಂತಿಗಳು ಒರಗುವ ನಟ್‌ನಿಂದ ಬ್ರಿಡ್ಜ್‌ವರೆಗೆ 648 ಮಿಲಿಮೀಟರ್ ಅಳತೆಯ ಗಿಟಾರಿನಲ್ಲಿ ನಟ್‌ನಿಂದ ಮೊದಲ ಫ್ರೆಟ್ 36.4 ಮಿಲಿಮೀಟರ್ ದೂರ, ಇಪ್ಪತ್ತನೆಯದಕ್ಕೂ ಇಪ್ಪತ್ತೊಂದನೆಯದಕ್ಕೂ ನಡುವೆ ಬರೀ 11.5. ಅರ್ಧಸ್ವರವನ್ನು 100 ಸೆಂಟ್ ಎಂದಿಟ್ಟುಕೊಂಡರೆ, ಅರ್ಧ ಮಿಲಿಮೀಟರ್ ಸರಿದಾಗ ಮೊದಲ ಫ್ರೆಟ್‌ನ ಸ್ವರ ಒಂದೂವರೆ ಸೆಂಟ್‌ನಷ್ಟೂ ಏರುವುದಿಲ್ಲ. ಇಪ್ಪತ್ತನೆಯದರಲ್ಲಿ ನಾಲ್ಕು ಸೆಂಟ್‌ಗೂ ಹೆಚ್ಚು ಏರುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಒರಟು ಕೈ ಬೇಗ ಬಯಲಾಗುತ್ತದೆ ಎನ್ನುವುದು ಇದಕ್ಕೇ.

ಆದ್ದರಿಂದ ನೆತ್ತಿಯನ್ನು ಮತ್ತೆ ದುಂಡಗೆ ಮಾಡುವ ಕ್ರೌನಿಂಗ್ ಅರ ಬೇಕೇ ಬೇಕು. ಹಣ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡು. ಹಳಬರು ಮೂರು ಮೂಲೆಯ ಅರದ ಅಂಚುಗಳನ್ನು ನುಣ್ಣಗೆ ಸಾಣೆ ಹಿಡಿದು ಅದರಲ್ಲೇ ಮಾಡುತ್ತಾರೆ, ಅವರ ಕೈಯಲ್ಲಿ ಅದು ಸೊಗಸಾಗಿಯೇ ಬರುತ್ತದೆ. ಹೊಸಬರಿಗೆ ಒಳಬಾಗಿದ ಡೈಮಂಡ್ ಅರವೇ ವಾಸಿ, ಎರಡೂ ದಿಕ್ಕಿಗೆ ಉಜ್ಜುತ್ತದೆ, ಗೀರು ಕಡಿಮೆ. ಮತ್ತೆ ಮಸಿ ಬಳಿದು, ನೆತ್ತಿಯ ನಡುವೆ ಕೂದಲೆಳೆಯಷ್ಟು ಮಸಿಯ ಗೆರೆ ಉಳಿಯುವವರೆಗೆ ಉಜ್ಜು. ಆ ಗೆರೆ ಅಳಿಸಿಹೋದರೆ ನೀನು ಎತ್ತರವನ್ನೇ ತಿಂದಿದ್ದೀಯೆ ಎಂದರ್ಥ. ಹೊಳಪು ಕೊಡಲು ಉಕ್ಕಿನ ನಾರು ಬಳಸುವುದಾದರೆ ತಂತಿಯ ಕಂಪನ ಹಿಡಿಯುವ ಪಿಕಪ್‌ಗಳನ್ನು ಟೇಪಿನಿಂದ ಮುಚ್ಚು, ಅವುಗಳ ಅಯಸ್ಕಾಂತ ನಾರಿನ ಚೂರುಗಳನ್ನು ಬಿಡುವುದಿಲ್ಲ. ನುಣುಪಾದ ಉಜ್ಜುಕಾಗದ ಇದ್ದರೆ ನಾರಿನ ಗೊಡವೆಯೇ ಬೇಡ.

ಬದಲಿಸುವುದು ಯಾವಾಗ? ಮಧ್ಯಮ ಗಾತ್ರದ ಹೊಸ ಫ್ರೆಟ್ ಸುಮಾರು 1.1 ಮಿಲಿಮೀಟರ್ ಎತ್ತರ ಇರುತ್ತದೆ. ಅದು 0.6ರ ಹತ್ತಿರ ಇಳಿದಿದ್ದರೆ ಇನ್ನು ಉಜ್ಜಲು ಏನೂ ಉಳಿದಿಲ್ಲ. ಮೊದಲ ಮೂರ್ನಾಲ್ಕರಲ್ಲಿ ಮಾತ್ರ ಆಳವಾದ ಕುಳಿಗಳಿದ್ದರೆ ಅಷ್ಟನ್ನೇ ಬದಲಿಸಬಹುದು, ಅದೇನೂ ಅವಮಾನವಲ್ಲ.

ಫ್ರೆಟ್ಟನ್ನು ಅಡ್ಡ ಕತ್ತರಿಸಿ ನೋಡಿದರೆ ಅಣಬೆಯಂತಿರುತ್ತದೆ: ಮೇಲೆ ಕೊಡೆ, ಕೆಳಗೆ ಕಾಲು. ಆ ಕಾಲಿನ ಬದಿಗಳಲ್ಲಿ ಸಣ್ಣ ಮುಳ್ಳುಗಳಿದ್ದು ಮರವನ್ನು ಕಚ್ಚಿ ಹಿಡಿದಿರುತ್ತವೆ. ಒಮ್ಮೆಲೇ ಎಳೆದರೆ ಮುಳ್ಳಿನೊಂದಿಗೆ ಮರದ ಚಕ್ಕೆಯೂ ಬರುವುದು ಖಂಡಿತ, ಎಬೊನಿಯಲ್ಲಂತೂ ಹೇಳುವುದೇ ಬೇಡ. ಸಾಲ್ಡರಿಂಗ್ ಐರನ್‌ನಿಂದ ಫ್ರೆಟ್ಟನ್ನು ಬಿಸಿ ಮಾಡು, ಹಳೆಯ ಅಂಟು ಮೆದುವಾಗುತ್ತದೆ. ಇಕ್ಕಳದ ಬಾಯಿ ಮುಂದಿನಿಂದ ಪೂರ್ತಿ ಚಪ್ಪಟೆಯಾಗಿ ಸಾಣೆ ಹಿಡಿದದ್ದಾಗಿರಬೇಕು, ಇಲ್ಲವಾದರೆ ಕೊಡೆಯ ಕೆಳಗೆ ನುಸುಳುವುದೇ ಇಲ್ಲ. ಎತ್ತಬೇಡ, ಸುಮ್ಮನೆ ಹಿಸುಕುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗು, ಫ್ರೆಟ್ ತಾನಾಗಿಯೇ ಏಳುತ್ತದೆ. ಹಾರಿದ ಚಕ್ಕೆಗಳನ್ನು ಅಲ್ಲಲ್ಲೇ ಅಂಟಿಸು, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಕಿತ್ತ ಫ್ರೆಟ್ಟನ್ನು ಎಸೆಯದೆ ಕಾಲಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆ. ಹೊಸದರ ಕಾಲು ತುಸು ದಪ್ಪವಾದರೂ ಇಪ್ಪತ್ತಕ್ಕೂ ಹೆಚ್ಚು ಬೆಣೆಗಳು ಸೇರಿ ನೆಕ್ಕನ್ನು ಹಿಂದಕ್ಕೆ ಬಾಗಿಸುತ್ತವೆ, ತೆಳುವಾದರೆ ನಿಲ್ಲುವುದಿಲ್ಲ. ಫ್ರೆಟ್‌ಗಳು ಕೂರುವ ಮರದ ಹಲಗೆಯಾದ ಫಿಂಗರ್‌ಬೋರ್ಡಿನ ಬಾಗನ್ನು ರೇಡಿಯಸ್ ಗೇಜ್‌ನಿಂದ ನೋಡಿ, ಹೊಸ ಫ್ರೆಟ್ ಕಂಬಿಯನ್ನು ಅದಕ್ಕಿಂತ ಸ್ವಲ್ಪ ಹೆಚ್ಚು ಬಗ್ಗಿಸಿ, ಎರಡು ತುದಿಗಳನ್ನು ಮೊದಲು ಬಡಿದು ಆಮೇಲೆ ನಡುವಿಗೆ ಬಾ. ಪ್ರೆಸ್ ಒಳ್ಳೆಯದೇ, ಆದರೆ ಒಂದೇ ಗಿಟಾರಿಗೆ ಅದು ದುಂದು. ಹಿತ್ತಾಳೆ ತಲೆಯ ಸುತ್ತಿಗೆ, ನೆಕ್ ಕೆಳಗೆ ಗಟ್ಟಿಯಾದ ಆಸರೆ, ಇಷ್ಟಿದ್ದರೆ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವ ಆಸೆ ಈಗ ಬೇಡ. ಅದು ಅರಗಳನ್ನೇ ತಿನ್ನುತ್ತದೆ, ಕತ್ತರಿಸಿದ ತುಂಡು ಕಣ್ಣಿಗೆ ಹಾರುತ್ತದೆ. ನಿಕಲ್ ಸಿಲ್ವರ್ ಫ್ರೆಟ್ಟೇ ಇರಲಿ. ಯಾವ ಫ್ರೆಟ್ ಆದರೂ ಸರಿ, ಕನ್ನಡಕ ಹಾಕಿಕೊಳ್ಳದೆ ಕತ್ತರಿಸಕೂಡದು, ಇದು ಅಮ್ಮನ ಆಜ್ಞೆ ಎಂದೇ ತಿಳಿ.

ಸದ್ಯಕ್ಕೆ ನೇರಪಟ್ಟಿ, ರಾಕರ್, ಫೀಲರ್ ಗೇಜ್ ಇಷ್ಟನ್ನೇ ಕೊಂಡುಕೋ. ಇಕ್ಕಳವೂ ಸುತ್ತಿಗೆಯೂ ನನ್ನಲ್ಲಿವೆ, ಬೇಕಾದಾಗ ಕಳುಹಿಸುತ್ತೇನೆ. ನನ್ನ ಕ್ರೌನಿಂಗ್ ಅರವನ್ನು ಮಾತ್ರ ಕೇಳಬೇಡ, ಅದನ್ನು ನಿನ್ನ ಅಪ್ಪನಿಗೂ ಮುಟ್ಟಲು ಬಿಟ್ಟಿಲ್ಲ. ನೆಕ್‌ನ ಸಂದು ಎಷ್ಟು, ಯಾವ ಫ್ರೆಟ್ ಯಾವ ತಂತಿಯ ಕೆಳಗೆ ಅಲುಗಿತು, ಒತ್ತಿದಾಗ ಇಳಿಯಿತೋ ಇಲ್ಲವೋ ಎಂದು ಬರೆ. ಆಮೇಲೆ ಮುಂದಿನದನ್ನು ಮಾತನಾಡೋಣ.

ಇಂತಿ ನಿನ್ನ
ಅಮ್ಮ