ಮಲ್ಲಯ್ಯ ಬಂದು ಓಡುವುದಿಲ್ಲ, ನಿಜ

ತಂಗೀ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಮತ್ತೆ ಮಾಡಿದರೆ ಮತ್ತೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. 28 ಕಿಲೋಮೀಟರ್ ಓಡಿದ ಮೇಲೆ ತಲೆ ತಿರುಗಿತು, ಮುಂಬೈಯ ವರ್ಲಿಯಲ್ಲಿ ಸಮುದ್ರದ ಕಟ್ಟೆ ಮೇಲೆ ಕೂತು ಅತ್ತೆ, ಇನ್ನು ಮ್ಯಾರಥಾನ್ ಬೇಡ ಅಂತ ನೀನು ಅಂದೆ. ನಾನು ‘ಶ್ರೀಶೈಲ ಮಲ್ಲಯ್ಯನ ಮೇಲೆ ಭಾರ ಹಾಕು’ ಅಂದೆ. ‘ನಿನ್ನ ಮಲ್ಲಯ್ಯ ಬಂದು ಓಡ್ತಾನೇನು ಅಪ್ಪಾ?’ ಅಂತ ನೀನು ಕೇಳಿದೆ. ನಾನು ಜೋರು ಮಾಡಿದ್ದು ಆ ಮಾತಿಗಲ್ಲ. ನಸುಕಿನಲ್ಲಿ ಒಬ್ಬಳೇ, ಗುರುತಿಲ್ಲದ ಜನ ಓಡಾಡುವ ಕಡೆ ತಲೆ ಹಿಡಿದು ಕೂತಿದ್ದೀಯ ಅನ್ನೋದು ಕಣ್ಣಿಗೆ ಕಟ್ಟಿತು. ಹೆದರಿಕೆಯಾಯಿತು, ಅಷ್ಟೇ.

ಮಲ್ಲಯ್ಯ ಬಂದು ಓಡುವುದಿಲ್ಲ, ನಿಜ. ಶ್ರೀಶೈಲಕ್ಕೆ ನಡೆದು ಹೋದವನು ನಾನು. ಆ ದಾರಿಯಲ್ಲಿ ಅವನು ಯಾರ ಕಾಲನ್ನೂ ಎತ್ತಿ ಇಡುವುದಿಲ್ಲ.

ನಿಮ್ಮವ್ವ ತೀರಿಕೊಂಡ ವರ್ಷದ ಮಾತು ಬೇಡ, ಅದು ಇಬ್ಬರಿಗೂ ಗೊತ್ತಿದ್ದದ್ದೇ. ಆ ಯುಗಾದಿಗೆ ನಿನ್ನನ್ನು ಸೋದರತ್ತೆ ಮನೆಯಲ್ಲಿ ಬಿಟ್ಟು ಪಾದಯಾತ್ರೆಗೆ ಹೊರಟೆ. ದಾರಿಯಲ್ಲಿ ಏನಾಯಿತು ಅಂತ ನಾನು ನಿನಗೆ ಯಾವತ್ತೂ ಹೇಳಿಲ್ಲ. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆ ಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ತವರಿನ ಸೀರೆ, ಅರಿಶಿನ, ಕುಂಕುಮ ಮುಟ್ಟಬೇಕು. ಅದಕ್ಕೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಿರುಬಿಸಿಲಲ್ಲಿ ಜನ ನಡೆಯುತ್ತಾರೆ. ಕೆಲವರು ಹೆಗಲ ಮೇಲೆ ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು. ನಿಮ್ಮವ್ವನಿಗೆಂದು ತಂದು ಮಡಿಕೆಯನ್ನೂ ಬಿಚ್ಚದೆ ಉಳಿದಿದ್ದ ಇಳಕಲ್ ಸೀರೆ ನನ್ನ ಚೀಲದಲ್ಲಿತ್ತು.

ಆತ್ಮಕೂರು ದಾಟಿ, ವೆಂಕಟಾಪುರದ ಹತ್ತಿರ ನಲ್ಲಮಲ ಕಾಡು ಹೊಕ್ಕೆವು. ಅಲ್ಲಿಂದ ಮುಂದೆ ಡಾಂಬರು ಇಲ್ಲ, ಬರೀ ಕಲ್ಲು. ಎಲೆ ಉದುರಿದ ಮರಗಳು, ನೆರಳೇ ಇಲ್ಲ. ನಾಗಲೂಟಿ ವೀರಭದ್ರನ ಗುಡಿ ಇನ್ನೂ ಮುಂದಿತ್ತು. ಎರಡೂ ಪಾದ ಬೊಬ್ಬೆ ಎದ್ದು, ಬಲಗಾಲಿನದು ಒಡೆದು ಕಲ್ಲಿಗೆ ಅಂಟುತ್ತಿತ್ತು. ನಾನು ಕೂತುಬಿಟ್ಟೆ. ಜೊತೆಯವರು ಮುಂದೆ ಹೋದರು. ಈ ಸೀರೆ ಒಯ್ದು ಏನು ಮಾಡಲಿ, ಉಡಬೇಕಾದವಳೇ ಇಲ್ಲ ಅನ್ನಿಸಿತು. ಜೋರಾಗಿ ಅತ್ತೆ. ಕೇಳುವವರು ಯಾರೂ ಇರಲಿಲ್ಲ.

ಆಗ ಜಮಖಂಡಿ ಕಡೆಯ ಒಬ್ಬ ಅಜ್ಜಿ ಬಂದಳು. ಬರಿಗಾಲು. ಏನಾಯಿತು ಅಂತ ಕೇಳಲೂ ಇಲ್ಲ. ನನ್ನ ಕಾಲನ್ನು ತನ್ನ ತೊಡೆ ಮೇಲೆ ಎಳೆದುಕೊಂಡಳು. ಸೊಂಟದ ಸಂಚಿಯಿಂದ ಸೂಜಿ ತೆಗೆದು ದಾರ ಪೋಣಿಸಿ, ಒಡೆಯದ ಬೊಬ್ಬೆಯೊಳಗೆ ಈ ಕಡೆಯಿಂದ ಆ ಕಡೆ ದಾಟಿಸಿ, ನೀರು ಸೋರಲಿ ಅಂತ ದಾರವನ್ನು ಅಲ್ಲೇ ಬಿಟ್ಟಳು. ಎಣ್ಣೆ ಹಚ್ಚಿದಳು. ಕೈತುಂಬ ಹಸಿರು ಬಳೆ, ಒಂದೊಂದು ಸಲ ಕೈ ಆಡಿಸಿದಾಗಲೂ ಸಪ್ಪಳ. ‘ಭಾಳ ಕೂಡಬ್ಯಾಡ ತಮ್ಮಾ, ಕಾಲು ಬಿಗೀತಾವ’ ಅಂದಳು. ನನ್ನಿಂದ ಆಗಲ್ಲ ಅಂದೆ. ‘ಮಲ್ಲಯ್ಯ ಶಿಖರದಾಗ ಅದಾನ, ಎಲ್ಲೂ ಹೋಗೂದಿಲ್ಲ. ನೀ ಆ ಮರದ ತನಕ ಬಾ.’

ಆ ಮರದ ತನಕ ಹೋದೆ. ಅಲ್ಲಿಂದ ಇನ್ನೊಂದು ಮರ ತೋರಿಸಿದಳು.

ಊರಿಗೆ ಬಂದು ಹೇಳಿದರೆ ಮಲ್ಲಯ್ಯನೇ ಅಜ್ಜಿಯ ರೂಪದಲ್ಲಿ ಬಂದಿದ್ದ ಅಂದರು. ಇರಲಿಕ್ಕಿಲ್ಲ. ಅವಳು ಎಲೆಯಡಿಕೆ ಹಾಕುತ್ತಿದ್ದಳು, ಸೊಸೆಯ ಬಗ್ಗೆ ದೂರು ಹೇಳಿದಳು. ಆದರೆ ಮುಂದೆ ಅವನಿದ್ದಾನೆ ಅನ್ನೋದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ, ನನಗೆ ಅವತ್ತು ಬೆಟ್ಟದಷ್ಟಿತ್ತು. ಅವಳ ಧೈರ್ಯವನ್ನೇ ಸಾಲ ತೆಗೆದುಕೊಂಡು ನಾನು ನಡೆದೆ. ಭಾರ ಹಾಕು ಅಂದರೆ ನನಗೆ ಅಷ್ಟೇ ತಂಗೀ. ಕಾಲು ನಿನ್ನದೇ, ನೋವೂ ನಿನ್ನದೇ. ‘ಮುಟ್ಟುತ್ತೇನೋ ಇಲ್ಲವೋ’ ಅನ್ನೋ ಒಂದು ಚಿಂತೆಯನ್ನು ಮಾತ್ರ ಅವನಿಗೆ ಕೊಡು. ಅದನ್ನೂ ಹೊತ್ತುಕೊಂಡು 42 ಕಿಲೋಮೀಟರ್ ಓಡೋದು ಯಾರಿಂದಲೂ ಆಗಲ್ಲ.

ನಿನಗೆ ಮಲ್ಲಯ್ಯ ಬೇಡ ಅಂದರೆ ಅಕ್ಕಮಹಾದೇವಿಯನ್ನು ನೆನೆ. ಉಡುತಡಿಯಿಂದ ಕಲ್ಯಾಣ, ಕಲ್ಯಾಣದಿಂದ ಶ್ರೀಶೈಲ. ಒಂಟಿ ಹೆಣ್ಣುಮಗಳು, 12ನೇ ಶತಮಾನದಲ್ಲಿ. ನೀನು ಓಡಲು ಶುರುಮಾಡಿದಾಗ ‘ಹುಡುಗಿ ಒಬ್ಬಳೇ ಕತ್ತಲಲ್ಲಿ ಯಾಕೆ ಓಡಬೇಕು’ ಅಂತ ಅತ್ತೆ ಕೇಳಿದ್ದಳು, ಆಗ ನಾನು ಇದನ್ನೇ ಹೇಳಿದ್ದೆ. ನಿನಗೆ ಹೇಳಿರಲಿಲ್ಲ.

ಆದರೆ ಕೇಳು. ನಂಬಿಕೆ ಬೇರೆ, ಮೊಂಡುತನ ಬೇರೆ. ತಲೆ ತಿರುಗಿದ್ದು ಯಾಕೆ ಅಂತ ಮೊದಲು ಡಾಕ್ಟರಿಗೆ ತೋರಿಸು. ಹಿಮೋಗ್ಲೋಬಿನ್ ನೋಡಿಸು, ಇಸಿಜಿ ಮಾಡಿಸು. ಮಲ್ಲಯ್ಯನ ದಾರಿಯಲ್ಲೂ ದಾಸೋಹದ ಪಕ್ಕದಲ್ಲೇ ಔಷಧಿ ಕೊಡುವವರು ಇರುತ್ತಾರೆ, ಯಾರೂ ಅವರನ್ನು ಬಿಟ್ಟು ಬರೀ ವಿಭೂತಿ ಹಚ್ಚಿಕೊಂಡು ಹೋಗುವುದಿಲ್ಲ. ನೋವು ಕಾಣಬಾರದು ಅಂತ ಓಡುವ ಮೊದಲೇ ನೋವಿನ ಗುಳಿಗೆ ನುಂಗಬೇಡ, ಕಿಡ್ನಿಗೆ ಹೊಡೆತ. ಬರೀ ನೀರನ್ನು ಸುಮ್ನೆ ಕುಡಿಯುತ್ತಾ ಹೋಗಬೇಡ, ಮೈಯ ಉಪ್ಪು ಇಳಿದರೆ ಅದೇ ತಲೆ ತಿರುಗಿಸುತ್ತದೆ. ಓಟದ ದಿನ ಹೊಸ ಬೂಟು ಬೇಡವೇ ಬೇಡ. 30 ಕಿಲೋಮೀಟರ್ ಆಸುಪಾಸಿಗೆ ಮೈಯಲ್ಲಿ ಕೂಡಿಟ್ಟ ಶಕ್ತಿ ತೀರುತ್ತಾ ಬರುತ್ತದೆ ಅಂತ ನೀನೇ ಹೇಳಿದ್ದೆ, ಹಾಗಿದ್ದ ಮೇಲೆ ಬೆಳಗ್ಗೆ ಬರಿಹೊಟ್ಟೆಯಲ್ಲಿ 28 ಓಡಿದ್ದು ಯಾಕೆ? ರಾತ್ರಿ ಆಫೀಸಿನಿಂದ ಬಂದು ಉಂಡೆಯೋ ಇಲ್ಲವೋ? ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ, ಬಂದುಬಿಟ್ಟಿತು. ಓದಿಬಿಡು.

ಮತ್ತೆ ಆ ಅಜ್ಜಿಯ ಮಾತೇ ನೆನಪಾಗುತ್ತದೆ. ನಾಗಲೂಟಿ ಮುಟ್ಟಿದಾಗ ಕತ್ತಲಾಗಿತ್ತು. ಗುಡಿಯ ಕಟ್ಟೆಗೆ ಒರಗಿ ತಿರುಗಿ ನೋಡಿದೆ, ಅವಳು ಇರಲಿಲ್ಲ. ದಾರಿಯಲ್ಲಿ ಕೂತ ಇನ್ನೊಬ್ಬರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಳೆ ಅಂದರು. ಭೀಮನಕೊಳ್ಳದ ಮೆಟ್ಟಿಲು ಹತ್ತುವಾಗ, ಕೈಲಾಸ ದ್ವಾರದಲ್ಲಿ, ಆಮೇಲೆ ಗುಡಿಯ ಮುಂದಿನ ಸಾಲಿನಲ್ಲೂ ಹುಡುಕಿದೆ. ಸಿಗಲಿಲ್ಲ. ಹೆಸರೂ ಕೇಳಿರಲಿಲ್ಲ. ಸೀರೆ ಕೊಟ್ಟು ಹೊರಗೆ ಬಂದಾಗ ಅಳು ಬರಲಿಲ್ಲ, ಬರುತ್ತದೆ ಅಂತಲೇ ಅಂದುಕೊಂಡಿದ್ದೆ.

ವರ್ಲಿಯ ಕಟ್ಟೆ ಮೇಲೆ ನಿನ್ನ ಹತ್ತಿರ ಅಂಥವರು ಯಾರೂ ಬರಲಿಲ್ಲವಲ್ಲ ಅನ್ನೋದೇ ನನ್ನನ್ನು ಕೊರೆಯುತ್ತಿರುವುದು. ಯಾರಾದರೂ ನೀರು ಕೊಟ್ಟರಾ? ನಿನ್ನೆ ಕೇಳಬೇಕೆಂದಿದ್ದೆ, ಮಾತು ಎಲ್ಲಿಗೋ ಹೋಯಿತು.

ಡಾಕ್ಟರು ಬೇಡ ಅಂದರೆ ಈ ವರ್ಷ ಬಿಡು, ಮಲ್ಲಯ್ಯನ ಆಣೆ, ನಾನು ಏನೂ ಅನ್ನುವುದಿಲ್ಲ. ಓಡು ಅಂದರೆ ಮಾತ್ರ ಹೆದರಿಕೆಗೆ ಬಿಡಬೇಡ. ಪೆಡ್ಡರ್ ರೋಡಿನ ಏರು ಕೊನೆಯ ಹಂತದಲ್ಲಿ ಬರುತ್ತದೆ, ಅಲ್ಲೇ ಜಾಸ್ತಿ ಜನ ನಡೆಯಲು ಶುರುಮಾಡುತ್ತಾರೆ ಅಂತ ನೀನೇ ಹೇಳಿದ್ದೆ ಅಲ್ವಾ. ಸಂಕ್ರಾಂತಿ ಮುಗಿಸಿ ಬಾಗಲಕೋಟೆಯಿಂದ ರೈಲು ಹತ್ತುತ್ತೇನೆ. ಬೇಡ ಅನ್ನಬೇಡ. ಆ ಏರಿನಲ್ಲಿ ಎಲ್ಲಿ ನಿಂತರೆ ನಿನಗೆ ಕಾಣುತ್ತೇನೆ ಅಂತ ಬರೆದು ಕಳಿಸು. ಮಜ್ಜಿಗೆಗೆ ಉಪ್ಪು ಹಾಕಿಕೊಂಡು ತರುತ್ತೇನೆ, ಬೇರೇನು ತರಬೇಕು ಅದನ್ನೂ ತಿಳಿಸು.

ಡಾಕ್ಟರ ಹತ್ತಿರ ಯಾವತ್ತು ಹೋಗುತ್ತೀ? ಈ ವಾರವೇ ಹೋಗು.

ನಿನ್ನ ಅಪ್ಪ