ಶೆಫೀಲ್ಡ್ ಎಫ್‌ಸಿಯ ಕನ್ನಡ ಚರಿತ್ರೆ: ನೆನೆಯಬೇಕಾದವರು

ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು 1857ರಿಂದ ಹಿಡಿದು ಕನ್ನಡದಲ್ಲಿ ಬರೆದಿಡುವ ಕೆಲಸ ಮುಗಿದಿದೆ. ಇಂಗ್ಲೆಂಡಿನ ದೊಡ್ಡ ಲೀಗ್‌ಗಳ ಕೆಳಗೆ, ನಾನ್-ಲೀಗ್ ಎಂದು ಕರೆಯುವ ಹಂತಗಳಲ್ಲಿ ಆಡುವ ಪುಟ್ಟ ಕ್ಲಬ್ ಇದು. ಆದರೆ ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ ಎಂಬ ಮಾನ್ಯತೆ ಇದಕ್ಕಿದೆ. "ಸಹಕರಿಸಿದ ಎಲ್ಲರಿಗೂ ಧನ್ಯವಾದ" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಯಾರು ಏನನ್ನು ಉಳಿಸಿಕೊಟ್ಟರು, ಅದಿಲ್ಲದಿದ್ದರೆ ಎಲ್ಲಿ ಎಡವುತ್ತಿದ್ದೆವು ಎಂದು ಬಿಡಿಸಿ ಹೇಳುವುದೇ ಸರಿ.

ಮೊದಲ ನಮಸ್ಕಾರ ಸಭೆಯ ನಡಾವಳಿ ಬರೆದಿಟ್ಟವರಿಗೆ. ವಕೀಲ ನಥಾನಿಯಲ್ ಕ್ರೆಸ್‌ವಿಕ್ ಮತ್ತು ವೈನ್ ವ್ಯಾಪಾರಿ ವಿಲಿಯಂ ಪ್ರೆಸ್ಟ್ ಸೇರಿ 1857ರ ಅಕ್ಟೋಬರ್ 24ರಂದು ಕ್ಲಬ್ ಕಟ್ಟಿದರು. ಆಟದ ನಿಯಮಗಳು ಸಭೆಯ ಮುಂದೆ ಬಂದದ್ದು 1858ರ ಅಕ್ಟೋಬರ್‌ನಲ್ಲಿ, ಅಚ್ಚಾದದ್ದು 1859ರಲ್ಲಿ. ಈ ಮೂರು ವರ್ಷಗಳನ್ನು ಒಂದೇ ಗಂಟಿಗೆ ಕಟ್ಟಿ "1857ರ ನಿಯಮಗಳು" ಎಂದು ಬರೆಯುವವರು ಇಂದಿಗೂ ಇದ್ದಾರೆ. ಆ ಗೊಂದಲ ಬಿಡಿಸಲು ಹಳೆಯ ಪುಸ್ತಕಗಳೇ ಬೇಕು. 1859ರ ಅಚ್ಚಿನ ಪ್ರತಿಯಲ್ಲಿ ಗೊತ್ತಿರುವಂತೆ ಉಳಿದಿರುವುದು ಒಂದೇ ಒಂದು. ಕೈಬರಹದ ನಿಯಮಗಳು, ನಡಾವಳಿ ಪುಸ್ತಕಗಳ ಜೊತೆಗೆ ಅದೂ 2011ರ ಜುಲೈನಲ್ಲಿ ಸದಬೀಸ್ ಹರಾಜಿನಲ್ಲಿ 8,81,250 ಪೌಂಡ್‌ಗೆ ಹೋಯಿತು. ಮನೆಯ ಒಡವೆ ಮಾರಿಕೊಂಡರು ಎಂದು ಬೈದವರುಂಟು. ಸ್ವಂತ ಮೈದಾನವೆಂಬುದೇ 2001ರವರೆಗೆ ಇಲ್ಲದಿದ್ದ ಕ್ಲಬ್ಬಿನ ಮೇಲೆ ಆ ಸಿಟ್ಟು ನ್ಯಾಯವಲ್ಲ. ಒಂದೂವರೆ ಶತಮಾನ ಆ ಕಾಗದವನ್ನು ಕಸದ ಬುಟ್ಟಿಗೆ ಬೀಳದಂತೆ ಕಾಯ್ದರಲ್ಲ, ಅದು ದೊಡ್ಡದು.

ಎರಡನೆಯ ಋಣ ನೆರೆಯ ಹ್ಯಾಲಂ ಕ್ಲಬ್ಬಿನದು. ಎದುರಾಳಿಯೇ ಇಲ್ಲದ ಮೊದಲ ವರ್ಷಗಳಲ್ಲಿ ಶೆಫೀಲ್ಡ್ ಸದಸ್ಯರು ಮದುವೆಯಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ ಎಂದು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಹ್ಯಾಲಂ ಹುಟ್ಟಿದ್ದು 1860ರಲ್ಲಿ. ಅದೇ ವರ್ಷ ಡಿಸೆಂಬರ್ 26ರಂದು ಸ್ಯಾಂಡಿಗೇಟ್ ಮೈದಾನದಲ್ಲಿ ಶೆಫೀಲ್ಡ್ 2–0ರಿಂದ ಗೆದ್ದಿತು. ಸ್ಯಾಂಡಿಗೇಟ್‌ನಲ್ಲಿ ಇಂದಿಗೂ ಹ್ಯಾಲಂ ಆಡುತ್ತಿದೆ. 1862ರ ಡಿಸೆಂಬರ್‌ನಲ್ಲಿ ಇವೇ ಎರಡು ತಂಡಗಳು ಲ್ಯಾಂಕಾಶೈರ್‌ನ ಸಂಕಷ್ಟ ನಿಧಿಗೆಂದು ಬ್ರಾಮಾಲ್ ಲೇನ್‌ನಲ್ಲಿ ಆಡಿ, ನಡುವೆ ಕೈಕೈ ಮಿಲಾಯಿಸಿ, 0–0ರಲ್ಲಿ ಮುಗಿಸಿದವು. ಸಹಾಯಾರ್ಥ ಪಂದ್ಯದಲ್ಲಿ ಹೊಡೆದಾಟ!

ಇದನ್ನೆಲ್ಲ ಅಚ್ಚುಹಾಕಿದ ಊರಿನ ಪತ್ರಿಕೆಗಳ ಹೆಸರಿಲ್ಲದ ವರದಿಗಾರರಿಗೆ ವಿಶೇಷ ವಂದನೆ. ಅವರು ಗೋಲುಗಳನ್ನಷ್ಟೇ ಬರೆದು ಬಿಟ್ಟಿದ್ದರೆ 1860ರ ದಶಕದ ಅರ್ಧ ಫಲಿತಾಂಶಗಳು ತಲೆಕೆಳಗಾಗುತ್ತಿದ್ದವು. ಆಗಿನ ಶೆಫೀಲ್ಡ್ ನಿಯಮದಲ್ಲಿ ಗೋಲು ಕಂಬಗಳ ನಡುವೆ ಇದ್ದದ್ದು 4 ಗಜ ಮಾತ್ರ, ಇಂದಿನ 8 ಗಜದ ಅರ್ಧ. ಗೋಲು ಅಪರೂಪ, ಸಮಬಲ ಹೇರಳ. ಅದಕ್ಕೇ ಈಟನ್ ಶಾಲೆಯ ಆಟದಿಂದ ರೂಜ್ ತಂದರು: ಎರಡೂ ಕಂಬಗಳ ಆಚೆ 4 ಗಜಕ್ಕೆ ಒಂದೊಂದು ಬಾವುಟ, ಆ ಬಾವುಟಗಳ ನಡುವೆ ಚೆಂಡು ದಾಟಿದ ಮೇಲೆ ದಾಳಿ ಮಾಡುವ ತಂಡದವನು ಮೊದಲು ಅದನ್ನು ಕೈಯಿಂದ ಮುಟ್ಟಿದರೆ ಒಂದು ರೂಜ್. ಗೋಲು ಸಮವಾದಾಗ ರೂಜ್ ಎಣಿಕೆ. ಎಷ್ಟು ರೂಜ್ ಸೇರಿದರೂ ಒಂದು ಗೋಲಿಗೆ ಸಮವಲ್ಲ. ಶೆಫೀಲ್ಡ್ ಊರಿನ ಕ್ಲಬ್‌ಗಳ ನಡುವಿನ 1867ರ ಯೂಡನ್ ಕಪ್ ಫೈನಲ್‌ನಲ್ಲಿ ಹ್ಯಾಲಂ ನಾರ್ಫೋಕ್ ತಂಡವನ್ನು ಸೋಲಿಸಿದ್ದು ಎರಡು ರೂಜ್‌ಗಳಿಂದ. ಅದನ್ನು "2–0" ಎಂದು ಬರೆದರೆ ಓದುಗ ಎರಡು ಗೋಲು ಎಂದುಕೊಳ್ಳುತ್ತಾನೆ. ಆದ್ದರಿಂದ ನಮ್ಮ ಫಲಿತಾಂಶ ಪಟ್ಟಿಯಲ್ಲಿ ರೂಜ್‌ಗೆ ಪ್ರತ್ಯೇಕ ಕಾಲಂ ಇಟ್ಟಿದೆ. 1868ರಲ್ಲಿ ರೂಜ್ ಹೋಯಿತು, ಕಾಲಂ ಕೂಡ ಅಲ್ಲಿಗೆ ನಿಂತಿತು.

ಕರಡು ತಿದ್ದಿದ ಗೆಳೆಯರಿಗೆ ಮುಖ್ಯವಾಗಿ ಒಂದು ಹಟಕ್ಕಾಗಿ ಥ್ಯಾಂಕ್ಸ್: ಹಳೆಯ ವರದಿಯಲ್ಲಿ "ಶೆಫೀಲ್ಡ್" ಎಂದು ಕಂಡಲ್ಲೆಲ್ಲ ಯಾವ ಶೆಫೀಲ್ಡ್ ಎಂದು ಕೇಳಿದ್ದಕ್ಕೆ. 1866ರ ಮಾರ್ಚ್ 31ರಂದು ಬ್ಯಾಟರ್‌ಸೀ ಪಾರ್ಕ್‌ನಲ್ಲಿ ಲಂಡನ್ ವಿರುದ್ಧ ಸೋತದ್ದು ಕ್ಲಬ್. ಶೆಫೀಲ್ಡ್ ಫುಟ್‌ಬಾಲ್ ಅಸೋಸಿಯೇಷನ್ ಶುರುವಾದದ್ದು 1867ರಲ್ಲಿ. 1871ರಿಂದ ಲಂಡನ್ ಜೊತೆ ಆಡಿದ್ದು ಅದರ ಆಯ್ದ ತಂಡ. 1889ರಲ್ಲಿ ಶೆಫೀಲ್ಡ್ ಯುನೈಟೆಡ್ ಎಂಬ ಇನ್ನೊಂದು ಕ್ಲಬ್ ಬೇರೆ ಬಂತು. ವೆನ್ಸ್‌ಡೇ ಕ್ಲಬ್ ಹುಟ್ಟಿದ್ದೂ 1867ರಲ್ಲೇ, ಆದರೆ ಹೆಸರಿಗೆ ಅಧಿಕೃತವಾಗಿ "ಶೆಫೀಲ್ಡ್" ಸೇರಿದ್ದು 1929ರಲ್ಲಿ. ಉಪಾಯ ಸರಳ: ಮೊದಲು ವರ್ಷ ನೋಡಿ, ಆಮೇಲೆ ಎದುರಾಳಿ ನೋಡಿ, ಕೊನೆಗೆ ಆಟಗಾರರ ಪಟ್ಟಿಯಲ್ಲಿ ಬೇರೆ ಕ್ಲಬ್ಬಿನವರಿದ್ದಾರೆಯೇ ನೋಡಿ. ಇದ್ದರೆ ಅದು ಅಸೋಸಿಯೇಷನ್ ತಂಡ.

ಇದೇ ಗೆಳೆಯರು ಕಪ್‌ಗಳ ಪಟ್ಟಿಯನ್ನೂ ಜಾಲಾಡಿದರು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ನಡೆಸುವ ಎಫ್‌ಎ ಕಪ್‌ನಲ್ಲಿ, 1873–74ರಲ್ಲಿ, ಶ್ರಾಪ್‌ಶೈರ್ ವಾಂಡರರ್ಸ್ ವಿರುದ್ಧ ಎರಡು ಬಾರಿ ಗೋಲಿಲ್ಲದ ಡ್ರಾ, ಆದರೂ ಶೆಫೀಲ್ಡ್ ಮುಂದಿನ ಸುತ್ತಿಗೆ. ಸಾಲು ಬಿಟ್ಟುಹೋಗಿದೆ ಅನ್ನಿಸುತ್ತದೆ; ಇಲ್ಲ, ನಾಣ್ಯ ಚಿಮ್ಮಿ ತೀರ್ಮಾನಿಸಿದ್ದು. 1904ರಲ್ಲಿ ಬ್ರಾಡ್‌ಫೋರ್ಡ್‌ನಲ್ಲಿ ಈಲಿಂಗ್ ತಂಡವನ್ನು 3–1ರಿಂದ ಸೋಲಿಸಿ ಗೆದ್ದದ್ದು ಹವ್ಯಾಸಿ ತಂಡಗಳ ಅಮೆಚೂರ್ ಕಪ್. ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ಎಫ್‌ಎ 1974ರಲ್ಲಿ ತೆಗೆದುಹಾಕಿದ್ದರಿಂದ ಆ ಕಪ್ಪೇ ನಿಂತಿತು. ಹಾಗಾಗಿ 1977ರಲ್ಲಿ ವೆಂಬ್ಲಿಯಲ್ಲಿ ಬಿಲರಿಕೇ ಟೌನ್ ಜೊತೆ 1–1 ಆಡಿ, ನಾಟಿಂಗ್‌ಹ್ಯಾಮ್‌ನ ಮರುಪಂದ್ಯದಲ್ಲಿ 2–1ರಿಂದ ಸೋತ ಫೈನಲ್ ಎಫ್‌ಎ ವೇಸ್ ಎಂಬ ಬೇರೆ ಕಪ್‌ನದು. 2007ರಲ್ಲಿ ನಾರ್ದರ್ನ್ ಪ್ರೀಮಿಯರ್ ಲೀಗ್‌ಗೆ ಬಡ್ತಿ ಸಿಕ್ಕ ಮೇಲೆ ವೇಸ್ ಕಾಲಂ ಖಾಲಿ ಬಿದ್ದು ಎಫ್‌ಎ ಟ್ರೋಫಿ ಎಂಬ ಇನ್ನೊಂದು ಕಪ್‌ನ ಕಾಲಂ ತುಂಬುತ್ತದೆ. ಕಾರಣ ಆ ಮೆಟ್ಟಿಲಿನ ಕ್ಲಬ್‌ಗಳಿಗೆ ಎಫ್‌ಎ ಟ್ರೋಫಿಯಲ್ಲಿ ಜಾಗ, ವೇಸ್ ಅದಕ್ಕೂ ಕೆಳಗಿನವರಿಗೆ.

ನಾನ್-ಲೀಗ್‌ನ ಅಂಕಪಟ್ಟಿಗಳನ್ನು ಋತು ಋತುವಿಗೂ ಸಂಬಳವಿಲ್ಲದೆ ಕೂಡಿಡುವ ಸ್ವಯಂಸೇವಕರಿಗೆ ಎಷ್ಟು ಹೇಳಿದರೂ ಕಡಿಮೆ. 2004ರಲ್ಲಿ ಫಿಫಾ ತನ್ನ ಶತಮಾನೋತ್ಸವದ ಆರ್ಡರ್ ಆಫ್ ಮೆರಿಟ್ ಕೊಟ್ಟ ಎರಡೇ ಕ್ಲಬ್‌ಗಳಲ್ಲಿ ಒಂದು ರಿಯಲ್ ಮ್ಯಾಡ್ರಿಡ್, ಇನ್ನೊಂದು ಶೆಫೀಲ್ಡ್ ಎಫ್‌ಸಿ. 2007ರ ನವೆಂಬರ್‌ನಲ್ಲಿ 150ನೇ ವರ್ಷದ ಪಂದ್ಯಕ್ಕೆ ಇಂಟರ್ ಮಿಲಾನ್ ಬಂದು 5–2ರಿಂದ ಗೆದ್ದಿತು, ಪೆಲೆ ಕೂತು ನೋಡಿದರು. ಇಂಥವನ್ನು ಎಲ್ಲರೂ ಬರೆಯುತ್ತಾರೆ. ಮಳೆಯ ಮಂಗಳವಾರ ರಾತ್ರಿಯ ಲೀಗ್ ಪಂದ್ಯದಲ್ಲಿ ಬದಲಿ ಆಟಗಾರ ಎಷ್ಟನೇ ನಿಮಿಷಕ್ಕೆ ಇಳಿದ ಎಂಬುದನ್ನು ಬರೆಯುವವರು ಇವರು ಮಾತ್ರ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಪಂದ್ಯ ನೋಡಲು ಹೋದರೆ ಬ್ರಾಮಾಲ್ ಲೇನ್‌ಗೆ ಹೋಗಬೇಡಿ, ಅದು ಯುನೈಟೆಡ್‌ನದು. ಕ್ಲಬ್ 2001ರಲ್ಲಿ ನೆಲೆ ಕಂಡುಕೊಂಡದ್ದು ಊರಾಚೆ, ಡರ್ಬಿಶೈರ್‌ನ ಡ್ರಾನ್‌ಫೀಲ್ಡ್‌ನಲ್ಲಿ, ಕೋಚ್ ಅಂಡ್ ಹಾರ್ಸಸ್ ಪಬ್ಬಿನ ಪಕ್ಕ. ಹೊರಡುವ ಮುನ್ನ ಆ ದಿನದ ಪಂದ್ಯ ಎಲ್ಲಿ ಎಂದು ಕ್ಲಬ್ಬಿನ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ತಂಡದ ಪಟ್ಟಿಯ ಹಾಳೆ ಸಿಕ್ಕರೆ ದಿನಾಂಕ, ಎದುರಾಳಿ, ಸ್ಕೋರ್ ಮೂರನ್ನೂ ಅದರ ಹಿಂಬದಿಗೆ ಬರೆದು ಫೋಟೋ ಕಳಿಸಿ; ಮುಂದಿನ ಪರಿಷ್ಕರಣೆಗೆ ಬೇಕು.